ಶಾಲು ಹೊದಿಸಿ ಕೇಳಿದ್ದು

ಒಂದು ನಾಡು ಎಷ್ಟು ದೊಡ್ಡದು ಎಂಬುದನ್ನು ಅದರ ಕಲೆಗಳೇ ಹೇಳುತ್ತವೆ. ಕಲೆ ಸೊರಗಿದ ಕಡೆ ಮನುಷ್ಯ ಬರೀ ಉಂಡು ಮಲಗುವ ಪ್ರಾಣಿಯಾಗುತ್ತಾನೆ. ಈ ಮಾತನ್ನು ನಾನು ಶಿವಮೊಗ್ಗದ ಬಹುತೇಕ ಎಲ್ಲ ವೇದಿಕೆಗಳ ಮೇಲೂ ಕೇಳಿದ್ದೇನೆ. ಹೇಳಿದ ಗಣ್ಯರು ಭಾಷಣ ಮುಗಿದ ಕೂಡಲೇ, ನಾಟಕ ಶುರುವಾಗುವ ಮುಂಚೆ, ಉಣ್ಣಲು ಎದ್ದು ಹೋಗಿದ್ದಾರೆ.

ನಾನು ನಿವೃತ್ತ ಕನ್ನಡ ಮೇಷ್ಟ್ರು. ಕಾಗುಣಿತ ತಪ್ಪದೆ ನಾಲ್ಕು ಸಾಲು ಬರೆಯುತ್ತೇನೆ ಎಂಬ ಒಂದೇ ಅಪರಾಧಕ್ಕೆ ನನ್ನನ್ನು ಕಲಾತಂಡಗಳ ಒಕ್ಕೂಟವೊಂದರ ಕಾರ್ಯದರ್ಶಿ ಮಾಡಿದ್ದರು. ಶಿವಮೊಗ್ಗ ಮತ್ತು ಭದ್ರಾವತಿಯ ನಾಟಕದವರು, ಡೊಳ್ಳಿನವರು, ಸುಗಮ ಸಂಗೀತದವರು ಸೇರಿ ಕಟ್ಟಿಕೊಂಡ ಒಕ್ಕೂಟ ಅದು. ನಮ್ಮಲ್ಲಿ ಯಾರ ಬೆನ್ನಿಗೂ ಮಠವಿರಲಿಲ್ಲ, ಕಾಲೇಜಿರಲಿಲ್ಲ, ಕಂಪನಿಯಿರಲಿಲ್ಲ. ಹೀಗೆ ದಿಕ್ಕಿಲ್ಲದೆ ಇರುವುದನ್ನು ನಾವು ಸ್ವತಂತ್ರವಾಗಿ ಇರುವುದು ಎಂದು ಕರೆದುಕೊಳ್ಳುತ್ತಿದ್ದೆವು. ವರ್ಷಕ್ಕೊಮ್ಮೆ ಸರ್ಕಾರದಿಂದ ಬರುತ್ತಿದ್ದ ಸಣ್ಣ ಸಹಾಯಧನ ನಿಂತು ಕೆಲವು ವರ್ಷಗಳಾಗಿದ್ದವು. ಅದನ್ನು ಎಲ್ಲ ತಂಡಗಳಿಗೂ ಮತ್ತೆ ಕೊಡಿಸುವುದು ಒಕ್ಕೂಟದ ಏಕೈಕ ಉದ್ದೇಶ. ಉದ್ದೇಶ ಒಂದೇ ಆದರೂ ಪದಾಧಿಕಾರಿಗಳಿಗೆ ಬರವಿರಲಿಲ್ಲ. ಉಪಾಧ್ಯಕ್ಷರೇ ಒಂದು ಉದ್ದನೆಯ ಬೆಂಚಿನ ತುಂಬ ಇದ್ದರು.

ನಿಜ ಹೇಳಬೇಕೆಂದರೆ, ಆ ಹಣ ಬಾರದೆ ನಮ್ಮಲ್ಲಿ ಹೆಚ್ಚಿನವರಿಗೆ ಯಾವ ಕೆಲಸವೂ ನಿಂತಿರಲಿಲ್ಲ. ಸಂಗೀತದವರಿಗೆ ಮನೆಪಾಠವಿತ್ತು, ಡೊಳ್ಳಿನವರಿಗೆ ಮೆರವಣಿಗೆಗಳಿದ್ದವು. ಕುತ್ತಿಗೆಗೆ ಬಂದಿದ್ದದ್ದು ಭದ್ರಾವತಿಯ ಒಂದು ನಾಟಕ ತಂಡಕ್ಕೆ. ಪೇಪರ್ ಮಿಲ್ ನಡೆಯುತ್ತಿದ್ದ ಕಾಲದಲ್ಲಿ ಕಾಗದನಗರದ ಕಾರ್ಮಿಕರು ಕಟ್ಟಿದ ತಂಡ ಅದು. ಆಗ ಕ್ವಾರ್ಟರ್ಸಿನ ನಡುವೆ ಇದ್ದ ಸಭಾಂಗಣದಲ್ಲೇ ತಾಲೀಮು. ಮಿಲ್ ನಿಂತ ಮೇಲೆ ಸಭಾಂಗಣಕ್ಕೆ ಬೀಗ ಬಿತ್ತು. ತಂಡ ಊರಿನ ಅಂಚಿನ ಒಂದು ಸಾಮಿಲ್ಲಿನ ಪಕ್ಕದ ತಗಡಿನ ಶೆಡ್ಡಿಗೆ ಬಾಡಿಗೆಗೆ ಹೋಯಿತು. ಸಂಜೆ ಗರಗಸ ನಿಂತ ಮೇಲೆ ಅಲ್ಲಿ ಮಾತು ಶುರು. ಒಂದು ಸಲ ತಾಲೀಮು ನೋಡಲು ಹೋಗಿದ್ದೆ. ರಂಗದ ಮೇಲೆ ಒಳ್ಳೆಯ ಕನ್ನಡ, ಚಹಾದ ಹೊತ್ತಿಗೆ ತಮಿಳು, ಜಗಳಕ್ಕೆ ತೆಲುಗು. ರಾಜನ ಕಿರೀಟದ ಮೇಲೂ ಮರದ ಹೊಟ್ಟು ಕೂತಿತ್ತು. ಅಷ್ಟು ಚೆನ್ನಾದ ನಾಟಕವನ್ನು ನಾನು ಜಿಲ್ಲೆಯ ಯಾವ ರಂಗಮಂದಿರದಲ್ಲೂ ಕಂಡಿರಲಿಲ್ಲ.

ಆ ತಂಡವನ್ನು ನಡೆಸುತ್ತಿದ್ದವಳು ನರ್ಸಿಂಗ್ ಹೋಮೊಂದರಲ್ಲಿ ಚೀಟಿ ಬರೆಯುವ ಕೆಲಸದ ಹೆಂಗಸು. ತಂದೆ ಕಟ್ಟಿದ್ದನ್ನು ಮಗಳು ಹಿಡಿದುಕೊಂಡಿದ್ದಳು. ಅವಳಿಗಿಂತ ದೊಡ್ಡವರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಶೆಡ್ಡಿನ ಮಾಲೀಕರು ಅಕ್ಕನಿಗೆ ನೇರವಾಗಿ ಹೇಳಿದ್ದರು: ಬಾಕಿ ಬಾಡಿಗೆ ಯುಗಾದಿಯೊಳಗೆ ಬರಬೇಕು, ಇಲ್ಲವಾದರೆ ಗೋಡೌನಿಗೆ ಕೇಳುವವರು ಇದ್ದಾರೆ.

ವಿನೋಬನಗರದ ಅಧ್ಯಕ್ಷರ ಮನೆಯ ಮಹಡಿಯ ಮೇಲೆ ಸಭೆ ಸೇರಿತು. ಅಧ್ಯಕ್ಷರು ಬ್ಯಾಂಕಿನಿಂದ ನಿವೃತ್ತರಾದವರು, ಸಜ್ಜನರು. ಸಭೆ ಇಲ್ಲದ ವಾರದಲ್ಲಿ ಅವರಿಗೆ ನಿದ್ದೆ ಬರುತ್ತಿರಲಿಲ್ಲ ಎಂದು ಅವರ ಹೆಂಡತಿಯೇ ಹೇಳುತ್ತಿದ್ದರು. ಯಾರ ಹತ್ತಿರ ಹೋಗಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯ ಬರಲಿಲ್ಲ. ಜಿಲ್ಲೆಯಲ್ಲಿ ಮಾತು ನಡೆಯುವ ಒಬ್ಬ ರಾಜಕೀಯ ಹಿರಿಯರಿದ್ದರು. ಅವರು ಹೂಂ ಎಂದರೆ ಕಡತ ಏಳುತ್ತದೆ ಎಂಬುದು ಎಲ್ಲರ ನಂಬಿಕೆ. ನಾಲ್ಕು ಜನ ಬೆಳಿಗ್ಗೆ ಅವರ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು, ಎರಡು ಮಾತು ಹೇಳಿ ಬರುವುದಷ್ಟೇ ಬಾಕಿ.

"ಬರಿಗೈಲಿ ಹೋಗಿ ಕೇಳೋದು ಚೆನ್ನಾಗಿರಲ್ಲ ಕಣ್ರೀ," ಎಂದರು ಅಧ್ಯಕ್ಷರು. "ಅವರನ್ನೇ ಕರೆಸೋಣ. ಒಂದು ಸನ್ಮಾನ ಇಟ್ಕೊಳೋಣ. ಶಾಲು ಹೊದಿಸ್ಕೊಂಡ ಮನುಷ್ಯನಿಗೆ ಇಲ್ಲ ಅನ್ನೋಕೆ ಬಾಯಿ ಬರಲ್ಲ."

"ಶಾಲು ಹೊದ್ದರೆ ಮುಚ್ಚೋದು ಕಿವಿ ಸಾರ್, ಬಾಯಲ್ಲ," ಎಂದಳು ಅಕ್ಕ. "ಅಲ್ಲ, ಅವರಿಗೆ ಸನ್ಮಾನ ಯಾತಕ್ಕೆ? ನಮಗೆ ಏನ್ ಮಾಡಿದಾರೆ?"

"ಮುಂದೆ ಮಾಡ್ತಾರಲ್ಲಮ್ಮ, ಅದಕ್ಕೆ."

"ಹಂಗಾದ್ರೆ ಮೊದಲು ಕೇಳೋಣ. ಆಯ್ತು ಅಂದ್ರೆ ಹೊದಿಸೋಣ. ಇಲ್ಲ ಅಂದ್ರೆ ಶಾಲು ಅಂಗಡಿಗೆ ವಾಪಸ್."

ಡೊಳ್ಳಿನ ತಂಡದ ಯಜಮಾನ ಗೊಳ್ಳೆಂದು ನಕ್ಕ. ಅಧ್ಯಕ್ಷರು ನಗಲಿಲ್ಲ. "ಮೊದಲೇ ಕೇಳಿದ್ರೆ ಅದು ಭಿಕ್ಷೆ ಆಗುತ್ತೆ. ಸನ್ಮಾನ ಮಾಡಿ ಕೇಳಿದ್ರೆ ಬೇಡಿಕೆ," ಎಂದು ತೀರ್ಪು ಕೊಟ್ಟರು. ಎಲ್ಲ ಉಪಾಧ್ಯಕ್ಷರೂ ತಲೆಯಾಡಿಸಿದರು.

ಈ ತರ್ಕ ನಮ್ಮಲ್ಲಿ ಅಕ್ಕನನ್ನು ಬಿಟ್ಟು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಬೇರೆ ಜನ ಕಷ್ಟ ಬಂದರೆ ವಕೀಲರ ಹತ್ತಿರ ಹೋಗುತ್ತಾರೆ, ದೇವರ ಹತ್ತಿರ ಹೋಗುತ್ತಾರೆ. ಕಲಾಸಂಘದವರು ಪ್ರೆಸ್ಸಿಗೆ ಹೋಗಿ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುತ್ತಾರೆ. ನಮಗೆ ಬರುವ ಕೆಲಸ ಅದೊಂದೇ. ಯಾರ ಹೆಸರು ಯಾರ ಹೆಸರಿಗಿಂತ ಮೇಲೆ ಬರಬೇಕು ಎಂಬ ಚರ್ಚೆ ಎರಡು ಸಭೆಗಳನ್ನು ನುಂಗಿತು. ಸಹಾಯಧನದ ಮಾತಿಗೆ ಆ ಎರಡೂ ಸಭೆಗಳಲ್ಲಿ ಹೊತ್ತು ಸಿಗಲಿಲ್ಲ. ಕೊನೆಗೆ ಪತ್ರಿಕೆಯಲ್ಲಿ ಪ್ರಾರ್ಥನೆ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಸನ್ಮಾನ, ಬಿನ್ನವತ್ತಳೆ ವಾಚನ, ಅತಿಥಿಗಳ ನುಡಿ, ಅಧ್ಯಕ್ಷರ ನುಡಿ ಎಲ್ಲ ಆಗಿ, ವಂದನಾರ್ಪಣೆಯ ನೆತ್ತಿಯ ಮೇಲೆ, ಜಾಗ ಉಳಿದಲ್ಲಿ, 'ಮನವಿ' ಎಂದು ಅಚ್ಚಾಯಿತು.

ಖರ್ಚಿಗೆ ಪ್ರತಿ ತಂಡವೂ ವಂತಿಗೆ ಕೊಡಬೇಕಾಯಿತು. ಬಾಡಿಗೆಗೆಂದು ಕೂಡಿಸಿಟ್ಟಿದ್ದರಲ್ಲಿ ಅಕ್ಕ ತನ್ನ ಪಾಲು ತಂದುಕೊಟ್ಟಳು. ಬಿನ್ನವತ್ತಳೆ ಬರೆಯುವ ಭಾಗ್ಯ ನನ್ನದು. 'ಕಲಾಪೋಷಕ ಶಿರೋಮಣಿಗಳೇ' ಎಂದು ಆರಂಭಿಸಿ, ಸನ್ಮಾನಿತರು ಹುಟ್ಟಿದ ಗಳಿಗೆಯಲ್ಲೇ ತುಂಗೆ ಭದ್ರೆಯರು ಪುಳಕಗೊಂಡರೆಂದು ಬರೆದೆ. ಹೈಸ್ಕೂಲಿನ ಹುಡುಗನೊಬ್ಬ ಹೀಗೆ ಬರೆದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಅಧ್ಯಕ್ಷರು ಓದಿ ಕಣ್ಣೊರೆಸಿಕೊಂಡು, "ಇನ್ನೂ ಸ್ವಲ್ಪ ಹಾಕಿ ಮೇಷ್ಟ್ರೇ, ಸಪ್ಪೆ ಆಯ್ತು," ಎಂದರು.

ಸಮಾರಂಭದ ದಿನ ಮುಖ್ಯ ಅತಿಥಿಗಳು ತಡವಾಗಿ ಬಂದರು. ಇದು ಅವರ ತಪ್ಪಲ್ಲ. ಹೊತ್ತಿಗೆ ಸರಿಯಾಗಿ ಬಂದ ಮುಖ್ಯ ಅತಿಥಿಯನ್ನು ನಮ್ಮ ಜನ ಗೌರವಿಸುವುದಿಲ್ಲ. ವೇದಿಕೆಯ ಮೇಲೆ ಉಪಾಧ್ಯಕ್ಷರ ಪೂರ್ಣ ಬೆಂಚು ಕುರ್ಚಿಗಳಾಗಿ ಹರಡಿತ್ತು. ಸ್ವಾಗತ ಭಾಷಣಕಾರರು ಒಬ್ಬೊಬ್ಬರನ್ನೂ ಅವರವರ ಬಿರುದು, ಬಡಾವಣೆ, ಹಿಂದಿನ ಉದ್ಯೋಗ ಸಮೇತ ಸ್ವಾಗತಿಸಿ ಹೂ ಕೊಡಿಸಿದರು. ಹೂ ತೆಗೆದುಕೊಂಡವರು ಮತ್ತೆ ಸ್ವಾಗತಕಾರರಿಗೆ ಕೈಮುಗಿದರು.

"ಹೆಣ್ಣುಮಕ್ಕಳು ತಟ್ಟೆ ಹಿಡಿದ್ರೆ ವೇದಿಕೆಗೆ ಶೋಭೆ," ಎಂದು ಅಧ್ಯಕ್ಷರು ಅಕ್ಕನಿಗೆ ಹಣ್ಣಿನ ತಟ್ಟೆ ಹಿಡಿಯುವ ಜವಾಬ್ದಾರಿ ವಹಿಸಿದ್ದರು. ಮನವಿ ತನ್ನ ಬಾಯಲ್ಲೇ ಹೋಗಲಿ ಎಂದು ಅವಳು ಕೇಳಿದ್ದಳು; ಸಿಕ್ಕಿದ್ದು ತಟ್ಟೆ. ಹಿಡಿದುಕೊಂಡು ನಿಂತಳು. ಪೇಟ ತೊಡಿಸಿದರು. ಅಡಿಕೆ ಹಾರ ಹಾಕಿದರು. ಶಾಲನ್ನು ಹೊದಿಸಲು ಎಷ್ಟು ಕೈಗಳು ಬಂದವೆಂದರೆ ಸನ್ಮಾನಿತರ ಮುಖ ಕೆಲಹೊತ್ತು ಕಾಣದೇ ಹೋಯಿತು. ಫೋಟೋದವನು ಸರಿಯಾಗಿ ಬರಲಿಲ್ಲವೆಂದ; ಶಾಲು ತೆಗೆದು ಇನ್ನೊಮ್ಮೆ ಹೊದಿಸಿದರು. ತಟ್ಟೆ ಕೈ ದಾಟುವಾಗ ಅಕ್ಕ ಮೆಲ್ಲಗೆ, "ಸಾರ್, ಒಕ್ಕೂಟದ ತಂಡಗಳ ಸಹಾಯಧನ..." ಎಂದಳು. "ಆಗ್ಲಮ್ಮ, ಕ್ಯಾಮೆರಾ ನೋಡು," ಎಂದರು ಅವರು.

ಆಮೇಲೆ ಅವರ ಭಾಷಣ.

"ಕಲಾವಿದ ಅಂದ್ರೆ ಯಾರು? ಯಾರ ಮುಂದೂ ಕೈ ಒಡ್ಡದೇ ಇರೋನು! ನಮ್ಮ ಅಜ್ಜಂದಿರು ಬಯಲಾಟ ಆಡಿದ್ರಲ್ಲ, ಯಾವ ಸರ್ಕಾರ ದುಡ್ಡು ಕೊಟ್ಟಿತ್ತು? ಕಲೆ ಬೆಳೆಯೋದು ಅನುದಾನದಿಂದ ಅಲ್ಲ, ಹಸಿವಿನಿಂದ!"

ಚಪ್ಪಾಳೆ ಬಿತ್ತು. ಹೊಡೆದವರು ಬೇರೆ ಯಾರೂ ಅಲ್ಲ, ನಾವೇ. ರಂಗಭೂಮಿಯವರಿಗೆ ಒಂದು ಹಾಳು ಅಭ್ಯಾಸವಿದೆ: ದನಿ ಸರಿಯಾದ ಕಡೆ ಏರಿ ಸರಿಯಾದ ಕಡೆ ನಿಂತರೆ, ಮಾತಿನ ಅರ್ಥ ತಲೆಗೆ ಹೋಗುವ ಮುಂಚೆ ಕೈ ತಟ್ಟಿಕೊಳ್ಳುತ್ತದೆ. ಮೂಲೆಯಲ್ಲಿದ್ದ ಡೊಳ್ಳಿನವರು ಉತ್ಸಾಹ ತಡೆಯದೆ ಒಂದು ಪೆಟ್ಟು ಬೇರೆ ಹಾಕಿದರು. ನಮ್ಮ ಬೇಡಿಕೆಯನ್ನು ನಮ್ಮೆದುರಿಗೇ ಹೂಳುತ್ತಿದ್ದರು. ನಾವು ತಾಳ ಹಾಕುತ್ತಿದ್ದೆವು.

ಹೊಳೆಹೊನ್ನೂರಿನಲ್ಲಿ ಇನ್ನೊಂದು ಕಾರ್ಯಕ್ರಮ ಇದೆಯೆಂದು ಅತಿಥಿಗಳು ಇಳಿದರು. ಅವರನ್ನು ಕಾರಿನವರೆಗೆ ಬಿಡಲು ವೇದಿಕೆ ಇಳಿಯಿತು. ವೇದಿಕೆಯೇ ಇಳಿದ ಮೇಲೆ ಸಭಿಕರು ಊಟಕ್ಕೆ ನಡೆದರು. ಅಧ್ಯಕ್ಷರು ಮಾತ್ರ ಕಾರಿಗೆ ಕೈಮುಗಿದು ಓಡಿ ಬಂದು, ಬರೆದುಕೊಂಡಿದ್ದ ಅಧ್ಯಕ್ಷೀಯ ನುಡಿಯನ್ನು ಒಂದಕ್ಷರ ಬಿಡದೆ ಓದಿದರು. ಬಳಿಕ ನಾನು ಮನವಿ ಓದಿದೆ. ಎದುರಿಗೆ ಕುರ್ಚಿ ಬಾಡಿಗೆಯವನು ಕುರ್ಚಿಯ ಮೇಲೆ ಕುರ್ಚಿ ಪೇರಿಸುತ್ತಿದ್ದ. 'ಇದೇ ಸಂದರ್ಭದಲ್ಲಿ ಮನವಿ ಸಲ್ಲಿಸಲಾಯಿತು' ಎಂದು ಮರುದಿನದ ಪತ್ರಿಕೆಯಲ್ಲಿ ಬಂತು. ಯಾರಿಗೆ ಎಂದು ವರದಿಗಾರ ಬರೆದಿರಲಿಲ್ಲ, ಪ್ರಾಮಾಣಿಕ ಮನುಷ್ಯ.

ಅತಿಥಿಗಳ ಪಿ.ಎ. ಊಟಕ್ಕೆಂದು ಉಳಿದಿದ್ದ. ಅಕ್ಕ ನೇರವಾಗಿ ಅವನ ಎಲೆಯ ಮುಂದೆ ಹೋಗಿ ನಿಂತಳು. ಮನವಿ ಮುಗಿಸಿ ನಾನೂ ಹೋದೆ.

"ಒಕ್ಕೂಟದ ಎಲ್ಲಾ ತಂಡಗಳಿಗೂ ಸಹಾಯಧನ ಮತ್ತೆ ಶುರು ಮಾಡಿಸ್ಬೇಕು, ನಿಮ್ಮ ಸಾಹೇಬ್ರಿಗೆ ನೆನಪು ಮಾಡಿ," ಎಂದಳು.

ಅವನು ಕೇಸರಿಬಾತು ನುಂಗಿ ಅವಳನ್ನು ಕುತೂಹಲದಿಂದ ನೋಡಿದ. "ಎಲ್ಲಾ ತಂಡಗಳಿಗಾ? ಮೇಡಂ, ಈಗ ಕೈ ತೊಳ್ಯೋಕೆ ಹೋಗಿದ್ದೆ. ಅಲ್ಲಿ ನಿಮ್ಮೋರು ಒಬ್ಬೊಬ್ಬರೇ ಬಂದು ಕಿವೀಲಿ ಹೇಳಿ ಹೋದ್ರು. ಡೊಳ್ಳಿನೋರು ಬಂದ್ರು, ಸಂಗೀತದೋರು ಬಂದ್ರು. ನಿಮ್ಮ ಅಧ್ಯಕ್ಷರು ತಮ್ಮ ಸೊಸೆ ಡ್ಯಾನ್ಸ್ ಕ್ಲಾಸಿಗೆ ಅಂತ ಬಂದ್ರು. ಉಳಿದೋರಿಗೆ ಆಗ್ದಿದ್ರೂ ಪರ್ವಾಗಿಲ್ಲ, ನಮಗೊಂದು ಮಾಡ್ಸಿ ಅಂತಾನೇ ಎಲ್ಲರದ್ದೂ. ಒಕ್ಕೂಟ ಅಂತ ಕೇಳಿದ್ದು ನೀವೊಬ್ರೇ."

ಅಕ್ಕ ಊಟದ ಸಾಲಿನ ಕಡೆ ತಿರುಗಿ ನೋಡಿದಳು. ಅವನೇ ಮುಂದುವರಿಸಿದ: "ಒಬ್ರಿಗೆ ಕೊಟ್ರೆ ಇನ್ನೊಬ್ರಿಗೆ ಸಿಟ್ಟು. ಯಾರಿಗೂ ಕೊಡದೆ ಇದ್ರೆ ಎಲ್ರೂ ಸೇರಿ ಸನ್ಮಾನ ಮಾಡ್ತೀರಿ. ನೀವೇ ಹೇಳಿ, ಸಾಹೇಬ್ರು ಯಾವುದು ಮಾಡ್ಬೇಕು?"

"ನೀನಾದ್ರೂ ನಿಜ ಹೇಳ್ದೆ ಮಾರಾಯ," ಎಂದಳು ಅಕ್ಕ. ಬಡಿಸುವವನನ್ನು ಕೂಗಿದಳು. "ಇವರಿಗೆ ಇನ್ನೊಂದು ಸಲ ಕೇಸರಿಬಾತ್ ಹಾಕಪ್ಪ. ನಮ್ಮ ಶೆಡ್ ಬಾಡಿಗೆ ತುಪ್ಪ ಆಗಿದೆ, ವೇಸ್ಟ್ ಆಗೋದು ಬೇಡ."

ಇಷ್ಟು ವರ್ಷ ಒಟ್ಟಿಗೆ ಇದ್ದವರ ಮುಖಗಳನ್ನು ಆ ಊಟದ ಹಾಲಿನಲ್ಲಿ ನೋಡಿದೆ. ಎಲ್ಲರ ಕೈಯೂ ತೊಳೆದು ಸ್ವಚ್ಛವಾಗಿತ್ತು. ಎಲೆಯ ಮುಂದೆ ಕೂರಲು ನನಗೆ ಮನಸ್ಸಾಗಲಿಲ್ಲ. ಮನೆಗೆ ಬಂದು ಮಜ್ಜಿಗೆ ಕುಡಿದು ಮಲಗಿದೆ.

ಮುಂದಿನ ಭಾನುವಾರ ಅದೇ ಮಹಡಿಯ ಮೇಲೆ ಅವಲೋಕನ ಸಭೆ. ಪತ್ರಿಕೆಯ ತುಣುಕುಗಳು ಕೈಯಿಂದ ಕೈಗೆ ಹೋದವು. ಕಾರ್ಯಕ್ರಮ ಅಭೂತಪೂರ್ವ ಯಶಸ್ಸು ಕಂಡಿತೆಂದು ದಾಖಲಿಸಲು ನನಗೆ ಹೇಳಿದರು. ಇದನ್ನು ಇಷ್ಟು ಅಚ್ಚುಕಟ್ಟಾಗಿ ನಡೆಸಿದ ಅಧ್ಯಕ್ಷರಿಗೆ ಒಂದು ಸನ್ಮಾನ ಇಡಬೇಕೆಂದು ಉಪಾಧ್ಯಕ್ಷರೊಬ್ಬರು ಸೂಚಿಸಿದರು; ಇನ್ನೊಬ್ಬರು ಅನುಮೋದಿಸಿದರು.

"ಸಹಾಯಧನದ ಕತೆ ಏನಾಯ್ತು?" ಎಂದಳು ಅಕ್ಕ.

"ವಿಷಯ ಅವರ ಗಮನಕ್ಕೆ ಬಂದಿದೆಯಮ್ಮ."

"ಬಂದಿದೆ, ಬಂದಿದೆ. ಕೈ ತೊಳ್ಯೋ ಹತ್ರ ಯಾರ್ಯಾರು ಏನೇನು ಗಮನಕ್ಕೆ ತಂದ್ರಿ ಅಂತ ನೀವೇ ಹೇಳ್ತೀರಾ, ನಾನು ಹೇಳ್ಲಾ?"

ಉಪಾಧ್ಯಕ್ಷರು ಪತ್ರಿಕೆಯ ತುಣುಕುಗಳನ್ನು ಮತ್ತೆ ಓದತೊಡಗಿದರು. ಕೊನೆಗೆ ಡೊಳ್ಳಿನ ಯಜಮಾನ ನೆಲ ನೋಡುತ್ತ, "ನಾವೂ ಬದುಕ್ಬೇಕಲ್ಲ ಅಕ್ಕ," ಎಂದ.

"ಬದುಕ್ರಪ್ಪ, ಬೇಡ ಅಂದೋರು ಯಾರು? ಒಬ್ಬೊಬ್ರೇ ಬದುಕೋರು ಒಕ್ಕೂಟ ಅಂತ ಬೋರ್ಡ್ ಬರೆಸಿ ನಮ್ಮ ಹತ್ರ ಯಾಕೆ ದುಡ್ಡು ಈಸ್ಕೊಂಡ್ರಿ?"

ಅಷ್ಟರಲ್ಲಿ ಅಧ್ಯಕ್ಷರ ಹೆಂಡತಿ ಕಾಫಿ ತಂದರು. ಅಷ್ಟು ಕೃತಜ್ಞತೆಯಿಂದ ಕಾಫಿ ಕುಡಿದ ಜನರನ್ನು ನಾನು ನೋಡಿಲ್ಲ. ಅಕ್ಕ ಲೋಟ ಮುಟ್ಟಲಿಲ್ಲ. ಭದ್ರಾವತಿ ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ನಾನು ಅಲ್ಲೇ ರಾಜೀನಾಮೆ ಬರೆದು ಮೇಜಿನ ಮೇಲಿಟ್ಟೆ. ಅಧ್ಯಕ್ಷರು ಅದನ್ನು ಎರಡು ಸಲ ಓದಿ, ನಿಜವಾದ ಪ್ರೀತಿಯಿಂದಲೇ ನನ್ನ ಭುಜ ತಟ್ಟಿ, "ಹಂಗೇ ಕಳಿಸೋಕಾಗುತ್ತಾ ಮೇಷ್ಟ್ರೇ? ನಿಮಗೂ ಒಂದು ಸನ್ಮಾನ ಇಟ್ಕೊಳೋಣ," ಎಂದರು.

ಸಹಾಯಧನ ಯಾರಿಗೂ ಬರಲಿಲ್ಲ. ಯುಗಾದಿಯ ಹಿಂದಿನ ವಾರ ತಂಡ ಶೆಡ್ ಖಾಲಿ ಮಾಡಿತು. ಅದು ಈಗ ಟೈಲ್ಸ್ ಗೋಡೌನ್.