ಬರೆದುಕೊಟ್ಟವರು ಯಾರು ಎಂದು ಕೇಳಿದರು

ಬೆಂಗಳೂರಿನ ಒಂದು ಕಾನೂನು ಸಂಸ್ಥೆಯ ಸಂದರ್ಶನದಲ್ಲಿ ನನಗೆ ಒಂದು ಪ್ರಶ್ನೆ ಕೇಳಿದರು. ಅದರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳಬೇಕೆಂದು ನಾನೂ ಹೆಚ್ಚು ಪ್ರಯತ್ನ ಮಾಡಿಲ್ಲ.

ಆಗ ನಾನು ಹುಣಸೂರಿನಲ್ಲಿ ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್ ಆಗಿದ್ದೆ. ನಮ್ಮ ಊರು ಗಾವಡಗೆರೆಯ ಪಕ್ಕ. ಬೆಳಿಗ್ಗೆ ಬಸ್ಸಿನಲ್ಲಿ ಬಂದು, ಆಫೀಸು ಗುಡಿಸಿದ ಮೇಲೆ ಫೈಲು ಜೋಡಿಸಿ, ಸೀನಿಯರ್ ಹಿಂದೆ ಕೋರ್ಟಿಗೆ ಹೋಗುತ್ತಿದ್ದೆ. ಬರುತ್ತಿದ್ದವೆಲ್ಲ ಪಾಲಿನ ಕೇಸು, ಗಾಡಿ ದಾರಿಯ ಜಗಳ, ಬಿಟ್ಟರೆ ಶುಂಠಿ ಗುತ್ತಿಗೆಯ ಕರಾರು. ಕೇರಳದಿಂದ ಬಂದವರು ಕೋಟೆ ತಾಲ್ಲೂಕಿನ ಕಡೆ, ಪಿರಿಯಾಪಟ್ಟಣದ ಕಡೆ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಹಾಕುತ್ತಾರಲ್ಲ, ಅವರಿಗೂ ಜಮೀನಿನವರಿಗೂ ನಡುವೆ ಕರಾರು ಬರೆಯುವ ಕೆಲಸ ನನ್ನದಾಗಿತ್ತು. ನನಗೆ ಅದು ಇಷ್ಟವಾಗಿಬಿಟ್ಟಿತ್ತು. ಕೋರ್ಟಿನಲ್ಲಿ ನಿಂತು ವಾದ ಮಾಡುವುದಕ್ಕಿಂತ, ಜಗಳವೇ ಆಗದಂತೆ ಒಂದು ಷರತ್ತನ್ನು ಬರೆದಿಡುವುದರಲ್ಲಿ ನನಗೆ ಖುಷಿ ಇತ್ತು. ಅದನ್ನೇ ದೊಡ್ಡದಾಗಿ ಮಾಡುವ ಜಾಗ ಕಾನೂನು ಸಂಸ್ಥೆಗಳು ಎಂದು ಗೊತ್ತಾದ ಮೇಲೆ ಅರ್ಜಿ ಹಾಕಲು ತೀರ್ಮಾನಿಸಿದೆ.

ಅರ್ಜಿ ಎಂದರೆ ಒಂದು ಹಾಳೆ ಬರೆದು ಕಳಿಸುವುದಲ್ಲ. ನಿಮಗೆ ಈ ಸಂಸ್ಥೆಯೇ ಯಾಕೆ ಬೇಕು, ಕಷ್ಟದ ಸಂದರ್ಭವೊಂದನ್ನು ನೀವು ನಿಭಾಯಿಸಿದ್ದು ಹೇಗೆ ಎಂದೆಲ್ಲ ಕೇಳಿರುತ್ತಾರೆ. ಮೈಸೂರಿನ ಲಾ ಕಾಲೇಜಿನಲ್ಲಿ ಜೊತೆಗೆ ಓದಿದ ಗೆಳತಿ ಪಿರಿಯಾಪಟ್ಟಣದಲ್ಲಿದ್ದಳು. ಅವಳ ಮನೆಯಲ್ಲಿ ನೆಟ್ ಚೆನ್ನಾಗಿ ಸಿಗುತ್ತಿತ್ತು. ಭಾನುವಾರ ಅಲ್ಲಿಗೆ ಹೋಗುತ್ತಿದ್ದೆ. ಕಷ್ಟಪಟ್ಟು ದುಡಿಯುವವಳು, ಹೊಸದನ್ನು ಕಲಿಯುವ ಹಂಬಲ ಇರುವವಳು ಎಂದೆಲ್ಲ ನನ್ನ ಬಗ್ಗೆ ಬರೆದುಕೊಂಡಿದ್ದ ಮೊದಲ ಪ್ರತಿಯನ್ನು ಅವಳು ಓದಿ ಪಕ್ಕಕ್ಕಿಟ್ಟಳು.

"ಇದ್ರಲ್ಲಿ ನಿನ್ನೆಸ್ರು ತೆಗ್ದು ನನ್ನೆಸ್ರು ಆಕುದ್ರೂ ನಡೀತದೆ ಕಣೆ. ಇದ್ರೊಳ್ಗೆ ನೀನೆಲ್ಲಿದ್ದೀಯ?"

"ಮತ್ತೇನ್ ಬರೀಲಿ?"

"ಆ ಬೋರ್‌ವೆಲ್ ಜಗಳ ಏಳ್ತಿದ್ಯಲ್ಲ, ಅದನ್ನ ಬರಿ."

ಕೋಟೆ ಕಡೆಯ ಒಬ್ಬರ ಜಮೀನಿನಲ್ಲಿ ಶುಂಠಿಯವರು ಬೋರ್ ಕೊರೆಸಿ, ಮೋಟಾರು ಇಳಿಸಿದ್ದರು. ಗುತ್ತಿಗೆ ಮುಗಿದಾಗ ಮೋಟಾರು ಯಾರದ್ದು, ಕರೆಂಟಿನ ಕನೆಕ್ಷನ್ ಯಾರದ್ದು ಎಂದು ಜಗಳವಾಯಿತು. ಕರಾರಿನಲ್ಲಿ ಅದರ ಮಾತೇ ಇರಲಿಲ್ಲ. ಇಬ್ಬರೂ ನಮ್ಮ ಆಫೀಸಿಗೇ ಬಂದು ಕೂಗಾಡಿದರು. ಅಂದಿನಿಂದ ನಾನು ಬರೆದ ಪ್ರತಿ ಕರಾರಿನಲ್ಲೂ, ಅವಧಿ ಮುಗಿದ ಮೇಲೆ ನೆಲದಲ್ಲಿ ಏನು ಉಳಿಯಬೇಕು, ಏನನ್ನು ಕಿತ್ತುಕೊಂಡು ಹೋಗಬಹುದು, ಕಿತ್ತ ಗುಂಡಿಯನ್ನು ಯಾರು ಮುಚ್ಚಬೇಕು ಎಂಬ ಷರತ್ತು ಸೇರಿಸಿದೆ. ಇದನ್ನು ಇದ್ದ ಹಾಗೆಯೇ ಅರ್ಜಿಯಲ್ಲಿ ಬರೆದೆ. ನನ್ನ ಇಂಗ್ಲಿಷು ಬರೆಯುವಾಗ ಗಟ್ಟಿ, ಮಾತಿನಲ್ಲಿ ನಿಧಾನ. ಒಂದೊಂದು ವಾಕ್ಯವನ್ನೂ ಮನಸ್ಸಿನಲ್ಲಿ ಹೊರಳಿಸಿ ಹೊರಳಿಸಿ ಬರೆದೆ. ಹೊಗಳಿಕೆಯ ಪದ ಎಲ್ಲಿ ಕಂಡರೂ ಗೆಳತಿ ಗೀಟು ಎಳೆದಳು. ಆ ಸಂಸ್ಥೆಯವರು ಪ್ರಕಟಿಸಿದ್ದ ಲೇಖನಗಳನ್ನು ಹುಡುಕಿ ಓದಿ, ಯಾವುದು ನನಗೆ ಉಪಯೋಗಕ್ಕೆ ಬಂತು, ಯಾವುದನ್ನು ನಾನು ಒಪ್ಪುವುದಿಲ್ಲ ಎಂದು ಕೂಡ ಬರೆದೆ.

ಅರ್ಜಿ ದಾಟಿತು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಒಬ್ಬಳೇ ಮಾತಾಡುವ ಪರೀಕ್ಷೆ. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ನಮ್ಮದೇ ಮುಖ ನೋಡಿಕೊಂಡು ಉತ್ತರ ಹೇಳಬೇಕು, ಒಂದು ಗಡಿಯಾರ ಇಳಿಯುತ್ತಾ ಇರುತ್ತದೆ. ಎದುರಿಗೆ ಮನುಷ್ಯರಿಲ್ಲದೆ ನನಗೆ ಮಾತೇ ಹೊರಡುತ್ತಿರಲಿಲ್ಲ. ಅಭ್ಯಾಸಕ್ಕೆ ಗೆಳತಿ ಕಂಪ್ಯೂಟರಿನ ಹಿಂದೆ ಮಣೆ ಹಾಕಿಕೊಂಡು ಕೂತು, "ನನ್ಗೇ ಏಳು, ಆ ಡಬ್ಬಕ್ಕೆ ಏಳ್ಬೇಡ" ಎನ್ನುತ್ತಿದ್ದಳು. ಅದೂ ದಾಟಿತು.

ಕೊನೆಯದು ಬರಹ. ಗೋದಾಮೊಂದರ ಲೀಸ್ ಕರಾರು ಕಳಿಸಿ, ಬಾಡಿಗೆಗೆ ಪಡೆಯುವ ಕಂಪನಿಗೆ ಸಲಹೆ ಬರೆಯಿರಿ ಎಂದರು. ಸೀನಿಯರ್ ಆಫೀಸಿನಲ್ಲಿ ರಜೆಯ ದಿನ ಬಾಗಿಲು ಹಾಕಿಕೊಂಡು ಕೂತು ಓದಿದೆ. ಓದುತ್ತಾ ಓದುತ್ತಾ ನಗು ಬಂತು. ಶುಂಠಿಯವರ ಬೋರಿನ ಕಥೆಯೇ ಇಲ್ಲೂ ಇತ್ತು. ಗೋದಾಮಿನಲ್ಲಿ ಕಂಪನಿಯವರು ಸರಕು ಕೆಡದಂತೆ ಕೂರಿಸುವ ತಣ್ಣನೆಯ ಕೋಣೆ, ಅದರ ಯಂತ್ರ, ಅವಧಿ ಮುಗಿದ ಮೇಲೆ ಯಾರದ್ದು ಎಂದು ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಬೇರೆ ರೀತಿ ಬರೆದಿತ್ತು. ಅದನ್ನು ಎತ್ತಿ ತೋರಿಸಿ, ಸರಿಪಡಿಸುವ ಷರತ್ತನ್ನೂ ಬರೆದುಕೊಟ್ಟೆ. ನಾನು ಅದುವರೆಗೆ ಬರೆದದ್ದರಲ್ಲಿ ಅಷ್ಟು ಚೆನ್ನಾಗಿದ್ದದ್ದು ಬೇರೆ ಇರಲಿಲ್ಲ.

ಸಂದರ್ಶನಕ್ಕೆ ಕರೆ ಬಂತು.

ಕಾಯುವ ಜಾಗದಲ್ಲಿ ಪಕ್ಕದಲ್ಲಿ ಒಬ್ಬ ಹುಡುಗ ಕೂತಿದ್ದ. ಬೆಂಗಳೂರಿನವನು, ನಗುಮುಖದವನು. "ನೀವು ಆ ಕಾಂಟ್ರಾಕ್ಟ್ ಪೂರ್ತಿ ಓದಿದ್ರಾ? ನಾನು ಎಐಗೆ ಹಾಕಿಬಿಟ್ಟೆ, ಅದೇ ಎಲ್ಲ ಬರೆದುಕೊಡ್ತು" ಎಂದ. ಬಚ್ಚಿಡುವ ವಿಷಯ ಅಂತ ಅವನಿಗೆ ಅನ್ನಿಸಿಯೇ ಇರಲಿಲ್ಲ. ನನಗೂ ಆಗ ಏನೂ ಅನ್ನಿಸಲಿಲ್ಲ.

ಒಳಗೆ ಮೂವರಿದ್ದರು. ಒಬ್ಬ ಹೆಂಗಸು, ನಡುವೆ ಒಬ್ಬ ಗಂಡಸು, ಪಕ್ಕದಲ್ಲಿ ಸ್ವಲ್ಪ ವಯಸ್ಸಾದವರೊಬ್ಬರು. ಹುಣಸೂರು ಎಲ್ಲಿದೆ ಎಂದು ಕೇಳಿದರು. ಕಾಡಿನ ಹತ್ತಿರ ಅಲ್ಲವೇ, ಹುಲಿ ನೋಡಿದ್ದೀರಾ ಎಂದು ಕೇಳಿದರು. ಮಾತೆಲ್ಲ ಇಂಗ್ಲಿಷಿನಲ್ಲಿ. ನಾನು ಒಂದೊಂದು ಪದಕ್ಕೂ ತಡೆದು ತಡೆದು ಉತ್ತರ ಹೇಳಿದೆ. ಆಮೇಲೆ ನಡುವೆ ಕೂತವನು ನನ್ನ ಬರಹವನ್ನು ಕೈಗೆ ತೆಗೆದುಕೊಂಡು, ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದ.

"ಇದನ್ನು ನಿಮಗೆ ಬರೆದುಕೊಟ್ಟವರು ಯಾರು?"

ನೀವೇ ಬರೆದಿರಾ ಎಂದು ಕೇಳಿದ್ದರೆ ಹೌದು ಎನ್ನಬಹುದಿತ್ತು. ಅವನು ಕೇಳಿದ್ದು ಅದಲ್ಲ. ನಾನು ಬರೆದಿಲ್ಲ ಎನ್ನುವುದು ಅವನಲ್ಲಿ ಮೊದಲೇ ಇತ್ಯರ್ಥವಾಗಿತ್ತು, ಬರೆದವರ ಹೆಸರು ಮಾತ್ರ ಬೇಕಾಗಿತ್ತು. ನಾನೇ ಬರೆದೆ ಎಂದೆ. ಅವನು ನಕ್ಕು, "ಪರವಾಗಿಲ್ಲ, ಎಲ್ಲರೂ ಸಹಾಯ ತೆಗೆದುಕೊಳ್ಳುತ್ತಾರೆ, ನಿಮ್ಮ ಸೀನಿಯರಾ?" ಎಂದ. ನನ್ನ ಇದ್ದಬದ್ದ ಇಂಗ್ಲಿಷೂ ಹೋಯಿತು. ಕನ್ನಡದಲ್ಲಿ ಹೇಳಲೇ ಎಂದು ಕೇಳಿದೆ.

"ಹೇಳಮ್ಮ, ಪರವಾಗಿಲ್ಲ" ಎಂದರು ಆ ವಯಸ್ಸಾದವರು.

ಕನ್ನಡದಲ್ಲಿ ಎಲ್ಲ ಹೇಳಿದೆ. ಎರಡು ಷರತ್ತುಗಳು ಎಲ್ಲಿ ಒಂದಕ್ಕೊಂದು ಹೊಡೆದುಕೊಳ್ಳುತ್ತವೆ, ನಾನು ಯಾಕೆ ಆ ಪದವನ್ನೇ ಹಾಕಿದೆ, ಬೇರೆ ಪದ ಹಾಕಿದರೆ ನಾಳೆ ಏನಾಗುತ್ತದೆ, ಎಲ್ಲವನ್ನೂ ಬಿಡಿಸಿ ಹೇಳಿದೆ. ಹೆಂಗಸು ಬರೆದುಕೊಂಡರು. ವಯಸ್ಸಾದವರು ತಲೆ ಆಡಿಸಿದರು. ನಡುವಿನವನು ಮಾತ್ರ, "ತಯಾರಿ ಚೆನ್ನಾಗಿ ಮಾಡಿಸಿದ್ದಾರೆ" ಎಂದ.

"ಬೇರೆ ಯಾವ ಷರತ್ತಾದ್ರೂ ಕೊಡಿ ಸರ್, ಇಲ್ಲೇ ಕೂತು ಬರೆದುಕೊಡ್ತೀನಿ" ಎಂದೆ. ಅವನು ಗಡಿಯಾರ ನೋಡಿ, ಬೇರೆಯವರೂ ಕಾಯುತ್ತಿದ್ದಾರೆ ಎಂದ.

ಹೊರಗೆ ಬಂದು ಕೂತುಬಿಟ್ಟೆ. ಆ ಹುಡುಗ ಒಳಗೆ ಹೋಗಿ, ನಗುತ್ತಾ ವಾಪಸು ಬಂದ. "ಆರಾಮಾಗಿತ್ತು, ಟ್ರೆಕ್ಕಿಂಗ್ ಬಗ್ಗೆ ಕೇಳಿದ್ರು" ಎಂದ.

"ನಿಮ್ಮ ಬರಹ ಯಾರು ಬರೆದದ್ದು ಅಂತ ಕೇಳಿದ್ರಾ?"

"ಇಲ್ವಲ್ಲ. ಯಾಕೆ?"

ಎದ್ದು ಬಂದೆ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಇವತ್ತಿಗೂ ಇಲ್ಲ.

ಕೆಲವು ದಿನ ಕಳೆದ ಮೇಲೆ, ನಿಮ್ಮ ಅರ್ಹತೆ ನಮ್ಮ ಅಗತ್ಯಕ್ಕೆ ಹೊಂದುವುದಿಲ್ಲ ಎಂದು ಮೇಲ್ ಬಂತು. ಸೀನಿಯರ್ ಓದಿ, "ಬುಡವ್ವ, ದೊಡ್ಡೋರ ಸಾವಾಸ ನಮ್ಗ್ಯಾಕೆ" ಎಂದರು. ಮನೆಯಲ್ಲಿ ಅವ್ವನಿಗೆ ನಡೆದದ್ದನ್ನು ಹೇಳಿದೆ. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ, "ನಿನ್ ಕೈಲಿ ಆಗಾಕಿಲ್ಲ ಅಂದ್ರಾ? ನಿನ್ನ ನೋಡೇ ಅಂಗಂದ್ರಾ?" ಎಂದು ಕೇಳಿದಳು.

ಆ ಸಂಸ್ಥೆಗೆ ಉತ್ತರ ಬರೆಯಬೇಕೆಂದು ಗೆಳತಿಯ ಮನೆಗೆ ಹೋದೆ. ಬಾಯಿಗೆ ಬಂದದ್ದೆಲ್ಲ ಬರೆದಿದ್ದೆ. ಅವಳು ಎಂದಿನಂತೆ ಗೀಟು ಎಳೆಯುತ್ತಾ ಹೋದಳು.

"ಬೈಗುಳ ಬ್ಯಾಡ ಕಣೆ. ಒಂದೇ ಒಂದು ಕೇಳು. ಈ ಪ್ರಶ್ನೆ ಎಲ್ರುನ್ನೂ ಕೇಳುದ್ರಾ, ನನ್ನೊಬ್ಳುನ್ನೇ ಕೇಳುದ್ರಾ, ಅಷ್ಟೇ."

ಅಷ್ಟೇ ಕಳಿಸಿದೆವು. ಬಹಳ ದಿನ ಉತ್ತರವಿರಲಿಲ್ಲ. ಒಂದು ಮಧ್ಯಾಹ್ನ ಹುಣಸೂರು ಕೋರ್ಟಿನ ಆವರಣದಲ್ಲಿ ನಿಂತಿದ್ದಾಗ ಫೋನ್ ಬಂತು. ಆ ವಯಸ್ಸಾದವರು.

"ನೋಡಮ್ಮ, ನಿಮ್ಮ ಬರಹ ನನಗೆ ಬಹಳ ಹಿಡಿಸಿತ್ತು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಸದ್ಯಕ್ಕೆ ಇಂಟರ್ನ್ ಆಗಿ ಬನ್ನಿ, ಮುಂದೆ ನಾನು ನೋಡಿಕೊಳ್ತೀನಿ."

"ಸರ್, ನಾನು ಕೆಲಸ ಕೇಳಿ ಬರೀಲಿಲ್ಲ. ಬೇರೆಯವರನ್ನೂ ಹಾಗೆ ಕೇಳಿದ್ರಾ ಅಂತ ಕೇಳಿದ್ದೆ."

"ಇಲ್ಲಮ್ಮ. ಬೇರೆ ಯಾರನ್ನೂ ಕೇಳಲಿಲ್ಲ" ಎಂದರು.

"ಹಂಗಾದ್ರೆ ನಾನು ಬರಲ್ಲ ಸರ್" ಎಂದು ಫೋನ್ ಇಟ್ಟೆ. ವಿಷಯ ಗೊತ್ತಾದಾಗ ಸೀನಿಯರ್ ಎಲ್ಲರ ಮುಂದೆಯೇ ಬೈದರು. "ಕರೆದವ್ರೇ ಅವ್ರು, ಓಗಕ್ಕೇನಾಗಿತ್ತು ನಿಂಗೆ? ಕ್ವಾಪದಲ್ಲಿ ಹೊಟ್ಟೆ ತುಂಬ್ತದಾ?" ಅವರು ಹೇಳಿದ್ದು ಸುಳ್ಳಲ್ಲ. ಹೋಗಬೇಕೆಂದು ಮಾತ್ರ ಒಮ್ಮೆಯೂ ಅನ್ನಿಸಲಿಲ್ಲ.

ಮುಂದಿನ ವರ್ಷ ಮೈಸೂರಿನ ಒಂದು ಸಣ್ಣ ಸಂಸ್ಥೆಗೆ ನಾನೂ ಗೆಳತಿಯೂ ಅರ್ಜಿ ಹಾಕಿದೆವು. ಅಲ್ಲಿ ಬಂದವರನ್ನೆಲ್ಲ ಒಂದೇ ಹಾಲಿನಲ್ಲಿ ಕೂರಿಸಿ, ಹಾಳೆ ಕೊಟ್ಟು, ಎದುರಿಗೇ ಬರೆಸಿದರು. ನನಗೆ ಕೆಲಸ ಸಿಕ್ಕಿತು. ಗೆಳತಿಗೆ ಸಿಗಲಿಲ್ಲ, ಅವಳು ಪಿರಿಯಾಪಟ್ಟಣದಲ್ಲೇ ತನ್ನದೇ ಆಫೀಸಿನ ಬೋರ್ಡು ಹಾಕಿಕೊಂಡಳು. ಈಗ ನಾನು ದಿನವೂ ಲೀಸ್ ಕರಾರುಗಳನ್ನು ಬರೆಯುತ್ತೇನೆ. ನನ್ನ ಇಂಗ್ಲಿಷು ಮಾತಿನಲ್ಲಿ ಈಗಲೂ ನಿಧಾನ, ಅದಕ್ಕೆ ಯಾರೂ ಏನೂ ಅಂದಿಲ್ಲ.

ಎಲ್ಲ ಒಳ್ಳೆಯದೇ ಆಯಿತಲ್ಲ, ಇನ್ನೂ ಯಾಕೆ ಸಿಟ್ಟು ಎಂದು ಕೇಳುವವರಿದ್ದಾರೆ. ನಡುವೆ ಕೂತಿದ್ದವನ ಮುಖ ನನಗೆ ಈಗ ಸರಿಯಾಗಿ ನೆನಪಿಲ್ಲ. ನೆನಪಿರುವುದು ಪಕ್ಕದಲ್ಲಿ ಕೂತಿದ್ದ ಆ ವಯಸ್ಸಾದವರು. ನಾನು ಕನ್ನಡದಲ್ಲಿ ಹೇಳುತ್ತಿದ್ದಾಗಲೇ, ಬರೆದವಳು ಇವಳೇ ಎಂದು ಅವರಿಗೆ ಗೊತ್ತಾಗಿತ್ತು. ಅವರು ತಲೆ ಆಡಿಸಿದ್ದನ್ನು ನಾನು ನೋಡಿದ್ದೆ. ಆ ಮೇಜಿನ ಮುಂದೆ ಒಂದು ಮಾತು ಆಡಿದ್ದರೆ ಸಾಕಿತ್ತು. ಅಲ್ಲಿ ಆಡಲಿಲ್ಲ. ತಿಂಗಳುಗಟ್ಟಲೆ ಕಳೆದ ಮೇಲೆ, ಯಾರೂ ಕೇಳಿಸಿಕೊಳ್ಳದ ಕಡೆ ನಿಂತು, ಫೋನಿನಲ್ಲಿ ನನಗೊಬ್ಬಳಿಗೆ ಹೇಳಿದರು. ಒಳ್ಳೆಯ ಮನುಷ್ಯ ಎಂದೇ ಎಲ್ಲರೂ ಅವರ ಬಗ್ಗೆ ಹೇಳುತ್ತಾರೆ. ಇದ್ದರೂ ಇರಬಹುದು. ನನಗೆ ಹೆಚ್ಚು ಸಿಟ್ಟಿರುವುದು ಅವರ ಮೇಲೆಯೇ.