ಅಲ್ ಐನ್ ಕೊಳದಲ್ಲಿ ಭಾವ ಹಾಕಿದ ಗಂಟು

ಶನಿವಾರ ಬೆಳಿಗ್ಗೆ ಗಲ್ಫಿನಲ್ಲಿ ನಾವಿರುವ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಿಂದ ಹೊರಟಾಗ ಕಾರಿನ ಹಿಂದಿನ ಸೀಟಿನಲ್ಲಿ ಅಕ್ಕ ಕಟ್ಟಿಕೊಟ್ಟ ಬನ್ಸ್, ನನ್ನ ಪಕ್ಕದಲ್ಲಿ ಅವಳ ಗಂಡ ಸುಧಾಕರ ಭಾವ. ಭಾವ ಮಲ್ಪೆಯವರು, ಗಾಳದ ವಿಷಯದಲ್ಲಿ ಅವರಿಗೆ ಬುದ್ಧಿ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದಂತೆ. ಅಲ್ ಐನ್ ಬಳಿಯ ತೋಟವೊಂದರ ಕೊಳಕ್ಕೆ ಸುಮಾರು ನೂರಮೂವತ್ತು ಕಿಲೋಮೀಟರ್, ದಾರಿಯುದ್ದಕ್ಕೂ ಧೂಳು. ಅಲ್ಲಿ ಗೆಂಡೆಮೀನು ಹಿಡಿಯಬಹುದು, ಹಿಡಿದದ್ದನ್ನು ನೀರಿಗೇ ಬಿಡಬೇಕು.

"ಬಿಡ್ಲಿಕ್ಕೆ ಇಷ್ಟು ದೂರ ಹೋಗ್ಬೇಕಾ?" ಎಂದು ಭಾವ ಗೊಣಗಿದರು.

ಕೊಳದ ದಂಡೆಯಲ್ಲಿ ಫೀಡರ್ ಕಟ್ಟಲು ಕುಳಿತೆವು. ಅದು ಮೀನನ್ನು ಸೆಳೆಯಲು ಬ್ರೆಡ್ ಹಿಟ್ಟು ತುಂಬುವ, ಸೀಸದ ಭಾರವಿರುವ ತಂತಿಯ ಪುಟ್ಟ ಪಂಜರ. ನಾನು ದಾರವನ್ನು ಅದರ ಬಳೆಯೊಳಗೆ ಸುಮ್ಮನೆ ಪೋಣಿಸಿದೆ. ದಾರ ಕಡಿದರೆ ಪಂಜರ ಜಾರಿಬಿದ್ದು ಮೀನು ಪಾರಾಗುತ್ತದೆ. ಭಾವ ಎಂಜಲು ಹಚ್ಚಿ ಪಂಜರವನ್ನೇ ದಾರಕ್ಕೆ ಬಿಗಿದರು.

"ಹಾಗೆ ಬಿಗೀಬೇಡಿ ಭಾವ. ಕಡಿದ್ರೆ ಮೀನು ಅದನ್ನೂ ಎಳ್ಕೊಂಡು ತಿರುಗ್ತದೆ."

"ಎಂತ ಮಾರಾಯ! ಅಪ್ಪ ಕಲಿಸಿದ ಗಂಟು ಇದು. ಸೀಸ ಕಳ್ಕೊಂಡು ಮನೆಗೆ ಹೋದ್ರೆ ಅವ್ರು ಊಟಕ್ಕೆ ಕರೀತಿರ್ಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕನ ಗಂಡನಲ್ಲವೇ, ನನ್ನ ಗಾಳವನ್ನು ನೀರಿಗೆಸೆದೆ.

ಬಿಸಿಲೇರುವಾಗ ಭಾವನ ಕೋಲು ಬಾಗಿತು. ದೊಡ್ಡ ಗೆಂಡೆ. ಅದು ಜೊಂಡಿನತ್ತ ನುಗ್ಗಿತು, ದಾರ ಕಲ್ಲಂಚಿಗೆ ಉಜ್ಜಿ ಫಟ್ಟನೆ ಕಡಿಯಿತು. "ಹೋಯ್ತು, ಖಲಾಸ್!" ಎಂದು ಭಾವ ಬನ್ಸಿನ ಡಬ್ಬಿ ತೆರೆದರು.

ತಿನ್ನುತ್ತಿರುವಾಗಲೇ ಜೊಂಡು ಅಲುಗಿತು. ಬಾಲವೊಂದು ಮೇಲೆದ್ದು ಬಡಿದು ಮುಳುಗಿತು. ಪಂಜರ ಬೇರಿಗೆ ಸಿಕ್ಕಿ, ಮೀನು ಗೂಟಕ್ಕೆ ಕಟ್ಟಿದ ಕರುವಿನಂತೆ ಅಲ್ಲೇ ಸುತ್ತುತ್ತಿತ್ತು. ಭಾವ ಡಬ್ಬಿ ಬಿಟ್ಟು ಪ್ಯಾಂಟು ಮಡಚಿ ನೀರಿಗಿಳಿಯಹೊರಟರು. ಕೊಳ ಕಾಯುವ ಕಾಸರಗೋಡಿನ ಹಮೀದ್ ಕಾಕ ಓಡಿ ಬಂದು ಅವರ ತೋಳು ಹಿಡಿದರು.

"ಇಳೀಬೇಡಿ! ಕೆಸರಲ್ಲಿ ಸೊಂಟದವರೆಗೆ ಹೂತು ಹೋಗ್ತೀರಿ."

"ದೋಣಿ ಇದೆಯಾ?" ಎಂದು ಭಾವ ಕೇಳಿದರು.

"ಮಾಫಿ," ಎಂದರು ಕಾಕ ಅರಬಿಯಲ್ಲಿ. "ಎಂತದೂ ಇಲ್ಲ."

ಮೀನೆತ್ತುವ ಬಲೆಯ ಹಿಡಿಕೆಗೆ ಕೋಲು ಕಟ್ಟಿ ಚಾಚಿದೆವು, ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಲ ಮೇಲೇಳುವುದು ಅಪರೂಪವಾಯಿತು.

"ಗಂಟು ಬಿಚ್ಚಿಕೊಂಡ್ರೆ ಬದುಕ್ತದೆ," ಎಂದರು ಕಾಕ ಸಮಾಧಾನಕ್ಕೆ.

ಭಾವ ತಮ್ಮ ಬೆರಳುಗಳನ್ನೇ ನೋಡಿಕೊಂಡರು. "ಬಿಚ್ಚೂದಿಲ್ಲ ಕಾಕ," ಎಂದರು.

ಹೊರಟೆವು. ಗೇಟಿನ ಬಳಿ ಭಾವ ಕಾರು ನಿಲ್ಲಿಸಲು ಹೇಳಿ ಹಿಂದೆ ತಿರುಗಿದರು. ಗಾಳಿ ಬಿದ್ದುಹೋಗಿತ್ತು, ಖರ್ಜೂರದ ಗರಿಯೊಂದೂ ಮಿಸುಕುತ್ತಿರಲಿಲ್ಲ. ಆ ಒಂದು ಮೂಲೆಯ ಜೊಂಡು ಮಾತ್ರ ಇನ್ನೂ ಅಲುಗುತ್ತಿತ್ತು.