ಹುಳುಗಳಿಗಿಂತ ಮುಂಚೆ ಒಂದು ಮಾತ್ರೆ

ನಮ್ಮ ಮನೆಯಲ್ಲಿ ಬೆಳಗಾದರೆ ಮೊದಲು ತಿನ್ನುವುದು ರೇಷ್ಮೆ ಹುಳು. ಹಿಪ್ಪುನೇರಳೆ ಸೊಪ್ಪು ಹಾಕಿ ಮುಗಿಯುವ ತನಕ ಒಲೆಯ ಮೇಲೆ ಕಾಫಿಗೆ ನೀರಿಡುವ ಹಾಗಿಲ್ಲ. ನೆಂಟರಾಗಲಿ, ಬಾಣಂತಿಯಾಗಲಿ ಕಾಯಬೇಕು. ಶಿಡ್ಲಘಟ್ಟದ ಸುತ್ತ ಹುಳು ಸಾಕುವ ಮನೆಗಳೆಲ್ಲ ಇಷ್ಟು ಕಟ್ಟುನಿಟ್ಟು ಅಂತ ನಾನು ಹೇಳಲಾರೆ. ನಮ್ಮಪ್ಪನ ಮನೆ ಹಾಗಿತ್ತು.

ಈ ಕಾನೂನನ್ನು ಮುರಿದವಳು ನಾನೊಬ್ಬಳೇ. ಡಿಪ್ಲೊಮಾದ ಕೊನೆಯ ವರ್ಷ ನನಗೆ ಥೈರಾಯ್ಡ್ ಶುರುವಾಯಿತು. ಬಾಚಣಿಗೆ ತುಂಬ ಕೂದಲು, ಚಿಂತಾಮಣಿಯ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ನಿಂತಲ್ಲೇ ನಿದ್ದೆ. ಮನೆಯವರು ಸೋಂಬೇರಿ ಅಂತ ಬೈದು ಬೈದು ಸುಸ್ತಾದ ಮೇಲೆ ಚಿಕ್ಕಬಳ್ಳಾಪುರದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಅವರು ಒಂದು ಸಣ್ಣ ಮಾತ್ರೆ ಬರೆದುಕೊಟ್ಟರು. ದಿನಾ ಎದ್ದ ಕೂಡಲೇ, ಖಾಲಿ ಹೊಟ್ಟೆಯಲ್ಲಿ. ಬಹುಶಃ ಜೀವನಪೂರ್ತಿ. ಒಂದೆರಡು ತಿಂಗಳಲ್ಲಿ ನಾನು ಮತ್ತೆ ನಾನಾದೆ, ಅಂದರೆ ಎಲ್ಲರ ಜೊತೆ ಜಗಳ ಆಡುವಷ್ಟು ಹುಷಾರಾದೆ.

ಅಮ್ಮ ಮಾತ್ರೆಯ ಹಾಳೆಗಳನ್ನು ಹುರಿಗಡಲೆ ಡಬ್ಬಿಯೊಳಗೆ ಬಚ್ಚಿಟ್ಟಳು. ಮದುವೆಗೆ ಬಂದ ಹುಡುಗಿ, ದಿನಾ ಮಾತ್ರೆ ನುಂಗುತ್ತಾಳೆ ಅಂತ ಊರಿಗೆ ಗೊತ್ತಾದರೆ ಗಂಡು ಸಿಗುವುದಿಲ್ಲ ಅನ್ನುವುದು ಅವಳ ಚಿಂತೆ. ಹುರಿಗಡಲೆ ವಾಸನೆ ಹೊಡೆಯುವ ಮಾತ್ರೆಯನ್ನು ನಾನು ಹಿತ್ತಲಲ್ಲಿ ನಿಂತು ಕದ್ದು ನುಂಗುತ್ತಿದ್ದೆ. ನನಗೆ ಅದು ನಗು ತರಿಸುತ್ತಿತ್ತು, ಒಮ್ಮೊಮ್ಮೆ ಸಿಟ್ಟೂ.

ರೈಲು ಓಡಿಸುವ ಕೆಲಸಕ್ಕೆ ಅರ್ಜಿ ಹಾಕಿದಾಗ ಮನೆಯಲ್ಲಿ ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನಾನು ಹಚ್ಚಿಕೊಂಡಿದ್ದೆ. ನಮ್ಮ ತೋಟದಾಚೆ ಹಳಿ ಹೋಗುತ್ತದೆ. ಸೊಪ್ಪು ಕೊಯ್ಯುವಾಗ ರೈಲು ಬಂದರೆ ಬೇರೆಯವರು ಬೋಗಿಯ ಕಿಟಕಿಗಳನ್ನು ನೋಡುತ್ತಿದ್ದರು, ನಾನು ಎಂಜಿನ್ನಿನ ಕಿಟಕಿಯನ್ನು. ಮೊದಲು ಸಹಾಯಕ ಚಾಲಕಿ, ಆಮೇಲೆ ಚಾಲಕಿ, ಇದು ನನ್ನ ಲೆಕ್ಕಾಚಾರ. ಒಂದೊಂದಾಗಿ ಪರೀಕ್ಷೆಗಳು ಮುಗಿದವು, ಎಲ್ಲದರಲ್ಲೂ ಪಾಸಾದೆ. ಪಾಸಾಗುತ್ತೇನೆ ಅಂತ ನನಗೆ ಗೊತ್ತಿತ್ತು. ಉಳಿದದ್ದು ಮೆಡಿಕಲ್ ಒಂದೇ, ಅದಕ್ಕೆ ಎರಡು ವಾರ ಇತ್ತು. ಅದರಲ್ಲಿ ಬಿದ್ದರೆ ಅಷ್ಟೂ ಓದು ನೀರಿನಲ್ಲಿ ಹೋಮ.

ಆಗ ಅಪ್ಪ ಎಚ್ಚೆತ್ತರು. ಮಗಳು ನಿಜವಾಗಿಯೂ ರೈಲು ಹತ್ತುತ್ತಾಳೆ ಅನ್ನುವುದು ಅವರಿಗೆ ಹೊಳೆದದ್ದೇ ಆಗ. ಅದಾದ ಮೇಲೆ ನನಗಿಂತ ಅವರಿಗೇ ಆಸೆ ಜಾಸ್ತಿಯಾಯಿತು. ಚಾಲಕರ ಮೆಡಿಕಲ್ ಬಹಳ ಬಿಗಿ, ಕಣ್ಣು ಕಿವಿ ರಕ್ತ ಎಲ್ಲ ನೋಡುತ್ತಾರೆ ಅಂತ ಯಾರೋ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ್ದರಂತೆ. ಮನೆಗೆ ಬಂದವರೇ ಹುರಿಗಡಲೆ ಡಬ್ಬಿಗೆ ಕೈ ಹಾಕಿ, ಇದ್ದ ಮಾತ್ರೆಗಳನ್ನೆಲ್ಲ ತೆಗೆದು ಅಂಗಿಯ ಜೇಬಿಗೆ ಇಳಿಸಿದರು.

"ಮೆಡಿಕಲ್ ಮುಗಿಯೋವರ್ಗೂ ಇದು ಬ್ಯಾಡ ಕಣಮ್ಮ. ರಕ್ತದಾಗೆ ಮಾತ್ರೆ ಇದ್ರೆ ತಾನೇ ಅವ್ರಿಗೆ ಗೊತ್ತಾಗೋದು?"

"ಅಪ್ಪ, ಡಾಕ್ಟರು ಒಂದು ದಿನಾನೂ ಬಿಡಬ್ಯಾಡ ಅಂದವ್ರೆ."

"ಹುಳ ಜ್ವರಕ್ಕೆ ಕೂತಾಗ ನಾವು ಸೊಪ್ಪು ಹಾಕ್ತೀವಾ? ಹೊಟ್ಟೆ ಖಾಲಿ ಬಿಟ್ರೆ ಅದೇ ಎದ್ದು ಕೂತ್ಕಳತ್ತೆ."

ಹುಳು ಪೊರೆ ಬಿಡುವ ಮುಂಚೆ ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಆಗ ಸೊಪ್ಪು ಹಾಕಿದರೆ ಬೆಳೆಯೇ ಕೆಡುತ್ತದೆ. ಯಾವ ಹೊತ್ತಿಗೆ ಸೊಪ್ಪು ನಿಲ್ಲಿಸಬೇಕು ಅನ್ನುವುದರಲ್ಲಿ ಅಪ್ಪನನ್ನು ಮೀರಿಸಿದವರು ನಮ್ಮೂರಲ್ಲಿಲ್ಲ. ಹಾಗಾಗಿ ಮಗಳ ವಿಷಯದಲ್ಲೂ ತಾನು ಹೇಳಿದ್ದೇ ಸರಿ ಅಂತ ಅವರಿಗೆ ನಂಬಿಕೆ. ಅಮ್ಮನೂ ಅವರ ಕಡೆಗೇ ನಿಂತಳು. ಸಿಟ್ಟು ಬಂದರೆ ಅವಳ ಬಾಯಲ್ಲಿ ತೆಲುಗು ಬರುತ್ತದೆ. "ಕೆಲ್ಸಾನೂ ಹೋಗಿ ಊರಿಗೂ ಗೊತ್ತಾದ್ರೆ ನಿನ್ನು ಎವರು ಚೇಸುಕುಂಟಾರೇ?" ಅಂತ ಕೂಗಾಡಿದಳು. ನನ್ನನ್ನು ಯಾರೂ ಕಟ್ಟಿಕೊಳ್ಳದಿದ್ದರೂ ರೈಲು ಓಡುತ್ತದೆ ಅಂತ ನಾನೂ ಕೂಗಿದೆ.

ಮಾರನೇ ದಿನವೇ ಚಿಕ್ಕಬಳ್ಳಾಪುರಕ್ಕೆ ಹೋದೆ. ಡಾಕ್ಟರಮ್ಮ ನನ್ನ ಮಾತನ್ನೆಲ್ಲ ಕೇಳಿಸಿಕೊಂಡು ನಕ್ಕರು.

"ಮಾತ್ರೆ ತಗೊಂಡ್ರೆ ರಕ್ತದಲ್ಲಿ ಆರೋಗ್ಯ ಕಾಣತ್ತೆ, ಬಿಟ್ರೆ ಕಾಯಿಲೆ ಕಾಣತ್ತೆ. ಯಾವುದನ್ನ ತೋರಿಸ್ಬೇಕು ಅಂತಿದೀಯಮ್ಮ?"

"ಮಾತ್ರೆ ತಗೊಳ್ತೀನಿ ಅಂತ ಹೇಳಿದ್ರೆ ಬೇಡ ಅಂತಾರಾ ಮೇಡಂ?"

"ತೀರ್ಮಾನ ಅವರದ್ದು, ನಾನು ಹೇಗೆ ಹೇಳ್ಲಿ? ನಿನ್ನ ಥೈರಾಯ್ಡ್ ಕಂಟ್ರೋಲಲ್ಲಿದೆ. ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳು. ಮುಚ್ಚಿಟ್ಟು ಎಂಜಿನ್ ಹತ್ತೋದು ಬೇಡ."

ನನಗೆ ಅಷ್ಟು ಸಾಕಾಗಿತ್ತು. ಹೊಸ ಮಾತ್ರೆ ಕೊಂಡು ಬಸ್ ಹತ್ತಿದೆ. ದಾರಿಯುದ್ದಕ್ಕೂ ಅಪ್ಪನಿಗೆ ಏನು ಹೇಳಬೇಕು ಅಂತ ಹೆಣೆಯುತ್ತಲೇ ಇದ್ದೆ.

ಅಪ್ಪ ಹುಳು ಮನೆಯಲ್ಲಿದ್ದರು. ನಾನೂ ಕೈಕಾಲು ತೊಳೆದುಕೊಂಡು ಒಳಗೆ ಹೋದೆ. ಅವತ್ತೇ ಹುಳು ಪೊರೆ ಬಿಟ್ಟು ಎದ್ದಿದ್ದವು, ಹಸಿದು ತಲೆ ಆಡಿಸುತ್ತಿದ್ದವು.

"ಅಪ್ಪ, ಜ್ವರ ಎದ್ದಿರೋ ಹುಳಕ್ಕೆ ಎರಡು ವಾರ ಸೊಪ್ಪು ಹಾಕ್ದೆ ಇಡ್ತೀಯಾ?"

"ಯಾವ ಮುಠ್ಠಾಳ ಇಡ್ತಾನೆ?"

"ನೀನೇ. ನಾನು ಎದ್ದು ಎರಡು ವರ್ಷ ಆಯ್ತು. ಈಗ ಸೊಪ್ಪು ಕಿತ್ಕೊಂಡು ಜೇಬಲ್ಲಿ ಇಟ್ಕೊಂಡಿದೀಯ."

ಅಪ್ಪ ಸೊಪ್ಪಿನ ಬುಟ್ಟಿ ಎತ್ತಿಕೊಂಡರು. ಸೊಪ್ಪು ಹರಡುತ್ತಾ ಸಾಲಿನ ಕೊನೆಯವರೆಗೂ ಹೋದರು. ಮಾತ್ರೆಗಳನ್ನು ವಾಪಸ್ ಕೊಡಲಿಲ್ಲ, ನಾನೂ ಕೇಳಲಿಲ್ಲ. ಹೊಸದನ್ನು ಅಡುಗೆಮನೆಯ ಕಿಟಕಿಯಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ಅಮ್ಮ ಅದರ ಮುಂದೆ ಉಪ್ಪಿನ ಜಾಡಿ ಅಡ್ಡ ಇಟ್ಟಳು. ನಾನು ಸರಿಸುವುದು, ಅವಳು ಅಡ್ಡ ಇಡುವುದು, ಮೆಡಿಕಲ್ ದಿನದವರೆಗೂ ಹೀಗೇ ನಡೆಯಿತು.

ರೈಲ್ವೆ ಆಸ್ಪತ್ರೆಗೆ ಅಪ್ಪನೂ ಬಂದರು. ಕಣ್ಣಿನ ಪರೀಕ್ಷೆ ನನಗೆ ಆಟ. ಹೊಲದಾಚೆ ಹೋಗುವ ಬಸ್ಸಿನ ಬೋರ್ಡು ಓದುವವಳು ನಾನು, ಗೋಡೆಯ ಮೇಲಿನ ಅಕ್ಷರ ಯಾವ ಲೆಕ್ಕ? ಬಣ್ಣ ಗುರುತಿಸುವುದೂ ಮುಗಿಯಿತು. ಕೊನೆಗೆ ವಯಸ್ಸಾದ ಡಾಕ್ಟರೊಬ್ಬರು ತಲೆ ಎತ್ತದೆ, ಏನಾದರೂ ಔಷಧಿ ತಗೊಳ್ತೀಯಾ ಅಂದರು. ಸುತ್ತ ಹುಡುಗರು ನಿಂತಿದ್ದರು. ಒಬ್ಬೊಬ್ಬರೂ ಇಲ್ಲ ಸಾರ್, ಇಲ್ಲ ಸಾರ್ ಅಂತ ಮುಂದೆ ಹೋಗಿದ್ದರು.  ನಾನು ದನಿ ತಗ್ಗಿಸಲಿಲ್ಲ.

"ಹೌದು ಸಾರ್. ಥೈರಾಯ್ಡ್ ಮಾತ್ರೆ, ದಿನಾ. ಇವತ್ತೂ ತಗೊಂಡಿದೀನಿ."

ಆಗ ಅವರು ತಲೆ ಎತ್ತಿದರು. ಎಷ್ಟು ದಿನದಿಂದ, ಸುಸ್ತಾಗುತ್ತಾ, ನಿದ್ದೆ ಬರುತ್ತಾ ಅಂತ ಕೇಳಿದರು. ಇನ್ನೊಂದು ಸಲ ರಕ್ತ ತೆಗೆಸಿ, ರಿಪೋರ್ಟ್ ನೋಡುವ ತನಕ ಏನೂ ಹೇಳಲಾಗದು ಅಂದರು. ಜೊತೆಯಲ್ಲಿದ್ದ ಹುಡುಗರು ಮನೆಗೆ ಹೊರಟರು, ನನಗೆ ಮತ್ತೊಂದು ದಿನ ಬರಲು ಹೇಳಿದರು. ನಡೆದದ್ದೆಲ್ಲ ನನ್ನಿಂದ ಕೇಳಿದ ಅಪ್ಪ ವಾಪಸ್ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಹೇಳಬಾರದಿತ್ತು ಅಂತ ಅವರ ಬೆನ್ನೇ ಹೇಳುತ್ತಿತ್ತು. ನನಗೂ ಕೆಲಸ ಕೈತಪ್ಪುವ ಭಯ. ಸರಿ ಮಾಡಿದೆ ಅನ್ನುವುದರಲ್ಲಿ ಮಾತ್ರ ಅನುಮಾನ ಇರಲಿಲ್ಲ.

ರಿಪೋರ್ಟಿನ ದಿನ ಬಂದಾಗ ಹುಳು ಕೊನೆಯ ಹಂತದಲ್ಲಿದ್ದವು. ಹಗಲು ರಾತ್ರಿ ಅನ್ನದೆ ಮೇಯುವ ಕಾಲ, ಅಪ್ಪ ಮನೆ ಬಿಟ್ಟು ಕದಲದ ಕಾಲ. ಆದರೂ ಹುಳುಗಳನ್ನು ಅಮ್ಮನಿಗೆ ಒಪ್ಪಿಸಿ ಬಂದರು. ಡಾಕ್ಟರು ಹಾಳೆ ನೋಡಿ, "ಎಲ್ಲ ಸರಿಯಾಗಿದೆ. ಫಿಟ್," ಅಂದರು. ಮಾತ್ರೆ ತಪ್ಪಿಸಬೇಡ, ತಪ್ಪದೆ ಪರೀಕ್ಷೆ ಮಾಡಿಸುತ್ತಿರು ಅಂತ ಸೇರಿಸಿದರು.

ಹೊರಗೆ ಬೇವಿನ ಮರದ ಕೆಳಗೆ ಅಪ್ಪ ನಿಂತಿದ್ದರು. ಪಾಸಾ ಫೇಲಾ ಅಂತ ಕೇಳಲು ಅವರಿಗೆ ಬಾಯಿ ಬರಲಿಲ್ಲ.

"ಮಾತ್ರೆ ನಿಲ್ಲಿಸು ಅಂದ್ರಾ?"

"ಇಲ್ಲಪ್ಪ. ಮಾತ್ರೆ ತಗೊಂಡು ರೈಲು ಓಡ್ಸು ಅಂದ್ರು."

ಅವರು ಟವಲ್ಲಿನಿಂದ ಮುಖ ಒರೆಸಿಕೊಂಡರು, ಒರೆಸಿಕೊಳ್ಳುತ್ತಲೇ ಇದ್ದರು. ಆಮೇಲೆ ಅಂಗಿಯ ಜೇಬಿಗೆ ಕೈ ಹಾಕಿ, ಅಷ್ಟು ದಿನ ಇಟ್ಟುಕೊಂಡಿದ್ದ ಹಳೆಯ ಮಾತ್ರೆಗಳನ್ನು ನನ್ನ ಕೈಗಿಟ್ಟರು. ಬೆವರಿಗೆ ಹಾಳೆಯ ಮೇಲಿನ ಅಕ್ಷರ ಅಳಿಸಿಹೋಗಿತ್ತು. ನಾನು ನಕ್ಕುಬಿಟ್ಟೆ.

ತರಬೇತಿಗೆ ಹೊರಟ ದಿನ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಕಿಟಕಿಯಲ್ಲಿ ಮಾತ್ರೆ ಇರಲಿಲ್ಲ. ಅಮ್ಮ ಮತ್ತೆ ಬಚ್ಚಿಟ್ಟಳು ಅಂತ ಜಗಳಕ್ಕೆ ಬಾಯಿ ತೆರೆದೆ. ನೋಡಿದರೆ ಉಪ್ಪಿನ ಜಾಡಿಯೂ ಅಲ್ಲಿರಲಿಲ್ಲ. ಬಾಗಿಲಲ್ಲಿ ಅಪ್ಪ ನಿಂತಿದ್ದರು, ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಮಾತ್ರೆ. ಅವರ ಹಿಂದೆ ಸೊಪ್ಪಿನ ಮೂಟೆ ಕಟ್ಟು ಬಿಚ್ಚದೆ ಬಿದ್ದಿತ್ತು.

"ತಗೋಮ್ಮ," ಅಂದರು. "ಹುಳ ಆಮೇಲೆ ತಿಂತವೆ."